ತಾಲೀಮಿನ ಪಗಾರ

ನಮ್ಮ ಮುಧೋಳ ಕಡೆ ಪೇಟಿ (ಹಾರ್ಮೋನಿಯಂ) ಮಾಸ್ತರನ ವರ್ಷ ಶುರುವಾಗುವುದು ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ. ದೀಪಾವಳಿ ಆಜೂಬಾಜೂ ಕಬ್ಬು ನುರಿಸಲು ಹತ್ತುತ್ತಾರೆ. ಕಡಿಯುವ ಗ್ಯಾಂಗಿನವರು ಬಂದು ಹೊಲದ ಬದುವಿಗೆ ಗುಡಿಸಲು ಹಾಕುತ್ತಾರೆ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬುತ್ತವೆ. ಕಬ್ಬು ಹೋದ ಮೇಲೆ ಬಿಲ್ ಬರಬೇಕು. ಬಿಲ್ ಬಂದ ಮೇಲೆ ಊರ ಹಿರಿಯರು ಗುಡಿಕಟ್ಟೆಗೆ ಕೂತು "ಈ ಸಲ ಜಾತ್ರಿಗೆ ಯಾವ ನಾಟಕ ಹಚ್ಚೂಣು?" ಅಂತ ಮಾತು ತೆಗೆಯುತ್ತಾರೆ. ಆಮೇಲೆ ನನಗೆ ಫೋನು. ಕಬ್ಬು ಮುಟ್ಟಿದ 14 ದಿನದೊಳಗೆ ರೈತನಿಗೆ ದುಡ್ಡು ಮುಟ್ಟಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ ದುಡ್ಡು ತಡವಾದ ವರ್ಷ ಊರಿನ ನಾಟಕ ತಡ, ನಮ್ಮ ಮಗಳ ಕಾಲೇಜಿನ ಫೀ ಕೂಡ ತಡ. ಸಂಗೀತಗಾರರ ಹೊಟ್ಟೆಪಾಡಿನ ಮಾತು ಬಂದಾಗ ಜನ ಸರಕಾರ, ಸಭಾ, ಪ್ರಶಸ್ತಿ ಅನ್ನುತ್ತಾರೆ. ಘಟಪ್ರಭೆಯ ದಂಡೆಯಲ್ಲಿ ನಮ್ಮನ್ನು ಸಾಕಿದ್ದು ಹೆಚ್ಚಾಗಿ ಕಬ್ಬು.

ಇದನ್ನು ಬರೆಯಲು ಕಾರಣ ಇದೆ. ನನ್ನ ಕ್ಲಾಸಿಗೆ ಬರುವವರಲ್ಲಿ ಇಬ್ಬರು ಹುಡುಗರಿಗೆ ಪೇಟಿಯ ಮೇಲೆ ಕೈ ಚೆನ್ನಾಗಿ ಕೂತಿದೆ. ಅವರಲ್ಲಿ ಒಬ್ಬನ ತಂದೆ ಮನೆಗೆ ಬಂದು ನೇರವಾಗಿ ಕೇಳಿದರು: "ಮಾಸ್ತರ, ನಮ್ಮ ಹುಡುಗ ಐಟಿಐ ಬ್ಯಾಡ, ಪೇಟೀನ ಬಾರಸ್ತೀನಿ ಅಂತಾನ. ಇದರಾಗ ಹೊಟ್ಟಿ ತುಂಬತೈತೇನ್ರಿ? ಖರೇ ಹೇಳ್ರಿ." ಆ ದಿನ ಚಹಾ ಆರುವತನಕ ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಹುಡುಗರ ತಂದೆ-ತಾಯಿಗಳಿಗೆ ಈ ಲೆಕ್ಕ ಗೊತ್ತಿರಬೇಕು. ಹುಡುಗರಿಗಂತೂ ಇನ್ನೂ ಹೆಚ್ಚು ಗೊತ್ತಿರಬೇಕು.

ನನ್ನ ವರ್ಷದ ಗಳಿಕೆಯಲ್ಲಿ ಶಾಸ್ತ್ರೀಯ ಬೈಠಕ್ಕಿನ ಪಾಲು ಬಹಳ ಸಣ್ಣದು. ಗಾಯಕರ ಜೊತೆ ಬೆಳಗಾವಿಗೋ ಜಮಖಂಡಿಗೋ ಸಾಥಿಗೆ ಹೋಗುವುದು ನನ್ನ ಜೀವಕ್ಕೆ ಬೇಕು, ಅದಿಲ್ಲದೆ ಕೈ ತುಕ್ಕು ಹಿಡಿಯುತ್ತದೆ. ಆದರೆ ಮನೆಯ ಕಿರಾಣಿ ಸಾಮಾನು ಬರುವುದು ಅದರಿಂದಲ್ಲ. ಹಳ್ಳಿ ನಾಟಕದ ತಾಲೀಮು, ಮನೆಯ ಕ್ಲಾಸು, ಶ್ರಾವಣದ ಪುರಾಣ: ಸಂಸಾರ ನಿಂತಿರುವುದು ಈ ಮೂರರ ಮೇಲೆ. ಸಂದಿನಲ್ಲಿ ಪೇಟಿ ದುರಸ್ತಿ, ಆಗೊಮ್ಮೆ ಈಗೊಮ್ಮೆ ಸ್ಟುಡಿಯೋ ಕೆಲಸ.

ತಾಲೀಮಿನ ಬಗ್ಗೆ ತುಸು ನಿಂತು ಹೇಳಬೇಕು. ಹಳ್ಳಿಯ ಸಾಮಾಜಿಕ ನಾಟಕದಲ್ಲಿ ಗಂಡು ಪಾತ್ರಧಾರಿಗಳೆಲ್ಲ ಊರವರೇ. ಟ್ರ್ಯಾಕ್ಟರ್ ಡ್ರೈವರ್, ಕಿರಾಣಿ ಅಂಗಡಿಯವ, ಪಂಚಾಯ್ತಿ ಮೆಂಬರ್, ಮಹಾಲಿಂಗಪುರ ಬನಹಟ್ಟಿ ಕಡೆಯಾದರೆ ಮಗ್ಗದವರು. ಒಬ್ಬೊಬ್ಬರೂ ಪಾತ್ರದ ತೂಕದ ಪ್ರಕಾರ ಇಷ್ಟಿಷ್ಟು ಹಣ ಕಟ್ಟಿರುತ್ತಾರೆ, ಹೀರೋನದು ಹೆಚ್ಚು, ಪೋಲೀಸನದು ಕಡಿಮೆ. ಹೊಲ, ಮಗ್ಗ ಎಲ್ಲ ಮುಗಿಸಿ, ರೊಟ್ಟಿ ತಿಂದು, ರಾತ್ರಿ ಒಂಬತ್ತೂವರೆಯ ಮೇಲೆ ಹಣಮಪ್ಪನ ಗುಡಿಯಲ್ಲೋ ಸಾಲೆಯಲ್ಲೋ ಕೂಡುತ್ತಾರೆ. ಹನ್ನೆರಡು ಒಂದು ಗಂಟೆಯವರೆಗೆ ನಡೆಯುತ್ತದೆ. ಹೆಚ್ಚೂಕಡಿಮೆ ತಿಂಗಳ ಕೆಲಸ. ಮಾಸ್ತರನ ಊಟ ಪಾಳಿ ಪ್ರಕಾರ ಒಂದೊಂದು ದಿನ ಒಬ್ಬೊಬ್ಬ ಪಾತ್ರಧಾರಿಯ ಮನೆಯಲ್ಲಿ. ಆ ಮನೆಗಳ ತಾಯಂದಿರು ಬಿಸಿ ರೊಟ್ಟಿ, ಎಣ್ಣಿಗಾಯಿ, ಕೆನೆ ಮೊಸರು ಹಾಕಿ ಉಣಿಸಿದ ರೀತಿಗೆ ನಾನು ಯಾವ ಕಾಲಕ್ಕೂ ಋಣಿ.

ಮೊದಲ ವಾರ ನನ್ನ ಕೆಲಸ ಪಟ್ಟಿ ಹುಡುಕುವುದು, ಅಂದರೆ ಯಾರ ದನಿಗೆ ಪೇಟಿಯ ಯಾವ ಕರಿ ಅಥವಾ ಬಿಳಿ ಪಟ್ಟಿ ಸಾ ಆಗಬೇಕು ಅಂತ ಗೊತ್ತು ಮಾಡುವುದು. ಹೀರೋ ಪಾತ್ರದವನನ್ನು ಕರಿ ಒಂದಕ್ಕೆ ಹಾಡಿಸಿದರೆ ಕೆಳಗಿನ ಪಂಚಮ ಕೇಳಿಸುವುದೇ ಇಲ್ಲ. ಬಿಳಿ ನಾಲ್ಕಕ್ಕೆ ಏರಿಸಿದರೆ ಮೇಲಿನ ಸಾ ಮುಟ್ಟುವಾಗ ಗಂಟಲು ಒಡೆಯುತ್ತದೆ. ನಾಲ್ಕಾರು ದಿನ ಹಿಂದೆ ಮುಂದೆ ಮಾಡಿ ಕರಿ ಎರಡಕ್ಕೆ ತಂದು ನಿಲ್ಲಿಸುತ್ತೇನೆ. ಹುಟ್ಟಿದಾಗಿನಿಂದ ಶ್ರುತಿ ಅಂದರೇನು ಅಂತ ಕೇಳದವನು ತಿಂಗಳಾದ ಮೇಲೆ, ಪೇಟಿಯಲ್ಲಿ ಸಾ ಹಿಡಿದ ಕೂಡಲೇ ಕಣ್ಣು ಮುಚ್ಚಿ ಅದರ ಮೇಲೆ ಬಂದು ಕೂಡುತ್ತಾನೆ. ಅದನ್ನು ನೋಡುವ ಸುಖವೇ ಬೇರೆ. ಇನ್ನು ಯುಗಳಗೀತೆ. ಹೀರೋಯಿನ್ ಪಾತ್ರಕ್ಕೆ ಬರುವವರು ವೃತ್ತಿ ಕಲಾವಿದೆಯರು, ಅವರು ಊರಿಗೆ ಬರುವುದೇ ನಾಟಕದ ಹಿಂದಿನ ದಿನ ಅಥವಾ ಅದೇ ದಿನ. ಅವರ ದನಿ ಕರಿ ನಾಲ್ಕರದು. ಒಂದೇ ಹಾಡಿನಲ್ಲಿ ಇಬ್ಬರೂ ಹೇಗೆ ಹಾಡಬೇಕು? ಕರಿ ಎರಡರ ಮಧ್ಯಮವೇ ಕರಿ ನಾಲ್ಕು. ಹೀರೋನ ಮಾ ಇವರಿಗೆ ಸಾ ಆಗುವ ಹಾಗೆ ನಡುವೆ ಒಂದು ಸಣ್ಣ ತುಣುಕು ಬಾರಿಸಿ ದಾಟಿಸಬೇಕು, ಮುಂದಿನ ಚರಣಕ್ಕೆ ಮತ್ತೆ ಇಳಿಸಿ ಹೀರೋನ ಕೈಗೆ ಕೊಡಬೇಕು. ಕೇಳುವವರಿಗೆ ಗೊತ್ತಾಗಬಾರದು. ಗೊತ್ತಾಗದೆ ಇದ್ದರೆ ಮಾತ್ರ ಕೆಲಸ ಸರಿಯಾಗಿದೆ ಅಂತ ಅರ್ಥ.

ಈಗ ದುಡ್ಡು. ನಾಟಕದ ದಿನ ಯಾರಿಗೆ ಯಾವಾಗ ದುಡ್ಡು ಸಲ್ಲುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಸ್ಟೇಜು-ಸೀನರಿಯವರು ಪರದೆ ಇಳಿಸುವ ಮೊದಲು ಅರ್ಧ ತೆಗೆದುಕೊಳ್ಳುತ್ತಾರೆ. ಮೈಕಿನವರು, ಲೈಟಿನವರು ಹಾಗೆಯೇ. ಸ್ತ್ರೀ ಪಾತ್ರದ ಅಕ್ಕಂದಿರು ಬಣ್ಣ ಹಚ್ಚುವ ಮೊದಲೇ ಪೂರ್ತಿ ಎಣಿಸಿಕೊಳ್ಳುತ್ತಾರೆ. ಊರ ಕೆಲವರು ಇದಕ್ಕೆ ಗೊಣಗುತ್ತಾರೆ, ನನಗೆ ಆ ಗೊಣಗು ಕೇಳಿದರೆ ಸಿಟ್ಟು ಬರುತ್ತದೆ. ರಾತ್ರಿಯಿಡೀ ನಿಂತು ಹಾಡಿ ಕುಣಿದು, ಬೆಳಿಗ್ಗೆ ಮಕ್ಕಳಿರುವ ಮನೆಗೆ ಬಸ್ ಹತ್ತಬೇಕಾದ ಹೆಣ್ಣುಮಗಳು, ನಾಟಕ ಮುಗಿದ ಮೇಲೆ ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು? ಅವರ ರೀತಿ ಸರಿ. ತಲೆಮಾರುಗಳ ಅನುಭವ ಅವರಿಗೆ ಅದನ್ನು ಕಲಿಸಿದೆ.

ಪೇಟಿ ಮಾಸ್ತರ ಮತ್ತು ತಬಲಾದವನ ಪಾಳಿ ಕಟ್ಟಕಡೆಗೆ. ಯಾಕೆಂದರೆ ನಾವು ತಿಂಗಳಿಂದ ಊರಲ್ಲೇ ಇದ್ದು ಮನೆಯವರ ಹಾಗೆ ಆಗಿರುತ್ತೇವೆ. "ಮಾಸ್ತರೇನ್ ಓಡಿ ಹೋಗ್ತಾರೇನ್, ನಮ್ಮವರ ಅಲ್ಲನ" ಅನ್ನುವ ಪ್ರೀತಿ. ಬೆಳಗಿನ ಐದು ಗಂಟೆಗೆ ಮಂಗಳ ಹಾಡುತ್ತೇವೆ, ಪಾತ್ರಧಾರಿಗಳೆಲ್ಲ ಬಣ್ಣ ಒರೆಸಿಕೊಂಡು ಮಲಗುತ್ತಾರೆ, ಲೆಕ್ಕ ಇಟ್ಟವನು ಮಧ್ಯಾಹ್ನ ಏಳುತ್ತಾನೆ. ಅಷ್ಟರಲ್ಲಿ ಪೆಂಡಾಲಿನವನು, ಜನರೇಟರಿನವನು ಬಂದು ಹೋಗಿರುತ್ತಾರೆ, ಚೀಲದಲ್ಲಿ ಉಳಿದದ್ದು ಕಡಿಮೆ. ರಾತ್ರಿ ನಾಟಕದ ನಡುವೆ ಪಾತ್ರಧಾರಿಗಳಿಗೆ ಬೀಗರು ಬಂದು ಆಯೇರಿ ಮಾಡಿದ್ದನ್ನು ಮೈಕಿನಲ್ಲಿ ಕೂಗಿದ್ದೇ ಕೂಗಿದ್ದು: ಅಂಗಿ ಬಟ್ಟೆ, ಉಂಗುರ, ನೋಟಿನ ಮಾಲೆ. ಅದೆಲ್ಲ ಪಾತ್ರಧಾರಿಯ ಮನೆಗೆ. ಅದಕ್ಕೆ ನನ್ನ ತಕರಾರಿಲ್ಲ, ಅದು ಅವರ ಬಳಗದ ಸಂಭ್ರಮ. ನನ್ನ ತಕರಾರು ಒಂದೇ. ತಿಂಗಳಿಡೀ ನಡೆದ ದುಡಿಮೆಗೆ ಬೆಲೆ ಕಟ್ಟದೆ, ಒಂದು ರಾತ್ರಿ ಬಾರಿಸಿದ್ದಕ್ಕೆ ಇಷ್ಟು ಅಂತ ಎಣಿಸುವುದು. ನಾಟಕದ ದಿನ ಜನ ನೋಡುವುದು ತಾಲೀಮಿನ ಫಲ. ಪಗಾರ ಸಲ್ಲಬೇಕಾದದ್ದು ತಾಲೀಮಿಗೆ.

ನಮ್ಮ ಅಪ್ಪನ ಕಾಲದವರು ದುಡ್ಡು ಕೇಳುತ್ತಿರಲಿಲ್ಲ. "ನಿಮ್ಮ ಮನಸಿಗೆ ಬಂದಷ್ಟು ಕೊಡ್ರಿ" ಅನ್ನುತ್ತಿದ್ದರು. ಅಪ್ಪ ನಾಟಕ ಕಂಪನಿಯೊಂದರಲ್ಲಿ ಪೇಟಿ ಬಾರಿಸುತ್ತಿದ್ದರು, ತಿಂಗಳ ಪಗಾರ ಗೊತ್ತು ಮಾಡಿದ್ದು ಇತ್ತು, ಊಟ ಕಂಪನಿಯ ಅಡುಗೆಮನೆಯಲ್ಲಿ. ಬದಾಮಿಯ ಬನಶಂಕರಿ ಜಾತ್ರೆ ಬಂತೆಂದರೆ ಒಂದು ದಿನಕ್ಕೆ ಎರಡು, ಮೂರು ಆಟ. ಬನದ ಹುಣ್ಣಿಮೆಯಿಂದ ಹಲವು ವಾರ ಅಲ್ಲಿ ಕಂಪನಿಗಳು ಸಾಲಾಗಿ ಥೇಟರ್ ಹಾಕುತ್ತಿದ್ದವು, ಈಗಲೂ ಹಾಕುತ್ತವೆ. ವರ್ಷದ ಸಾಲ ತೀರಬೇಕಾದರೆ ಬನಶಂಕರಿಯೇ ಬೇಕು ಅಂತ ಮಾಲೀಕರು ಕಾಯುವ ಜಾತ್ರೆ ಅದು. ಕಂಪನಿಯ ಪಗಾರ ಸಣ್ಣದಾದರೂ ನಿಂತ ನೀರಿನ ಹಾಗೆ ಒಂದೇ ಮಟ್ಟದಲ್ಲಿ ಇತ್ತು. ಹಾಗಾಗಿ ಹೊರಗಿನ ಕಾರ್ಯಕ್ರಮದಲ್ಲಿ "ಮನಸಿಗೆ ಬಂದಷ್ಟು" ಅನ್ನುವ ದೊಡ್ಡತನ ಅವರಿಗೆ ಸಾಧ್ಯವಾಯಿತು. ಕಂಪನಿಗಳು ಒಂದೊಂದೇ ಬಾಗಿಲು ಹಾಕಿದವು, ಉಳಿದವುಗಳಲ್ಲೂ ಕೀಬೋರ್ಡು ಮತ್ತು ರಿದಂ ಪ್ಯಾಡು ಬಂದು ಪೇಟಿ, ತಬಲಾದ ಜಾಗ ಹಿಡಿದವು. ಪಗಾರ ಹೋಯಿತು, ಆ ಮಾತು ಮಾತ್ರ ಉಳಿಯಿತು. ಈ ಮಾತಿನ ಪೆಟ್ಟು ಹೆಚ್ಚು ಬೀಳುವುದು ತಬಲಾ ಹುಡುಗನಿಗೆ. ಮಾಸ್ತರನಿಗೆ ಮನಸಿಗೆ ಬಂದಷ್ಟು ಕೊಟ್ಟರೆ, ಹುಡುಗನಿಗೆ ಅದರಲ್ಲಿ ಉಳಿದಷ್ಟು.

ಕಲೆಯನ್ನು ಮಾರಬಾರದು ಅನ್ನುವವರಿಗೆ ನಾನು ಗದುಗಿನ ಕಡೆ ಕೈ ತೋರಿಸುತ್ತೇನೆ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕರಕೊಂಡು ಊರೂರು ತಿರುಗಿ ಸಂಗೀತ ಕಲಿಸುವಾಗ ಆ ಮಕ್ಕಳ ಊಟಕ್ಕಾಗಿ ನಾಟಕ ಮಂಡಳಿ ಕಟ್ಟಿದರು. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು ಆ ಹೊರೆ ಹೊತ್ತರು, ತಾವೇ ನಾಟಕ ಬರೆದರು, ರಾಗ ಹಾಕಿದರು. ವೀರೇಶ್ವರ ಪುಣ್ಯಾಶ್ರಮದಿಂದ ಹೊರಗೆ ಬಂದ ಸಾವಿರಾರು ಶಿಷ್ಯರು ಇವತ್ತು ಸಾಲೆಗಳಲ್ಲಿ, ಮಠಗಳಲ್ಲಿ, ನಾಟಕದ ಪಿಟ್ಟಿನಲ್ಲಿ ದುಡಿದು ಉಣ್ಣುತ್ತಿದ್ದಾರೆ. ಸಂಗೀತದ ಮುಂದೆ ತಾಟು ಇರಬೇಕು, ತಾಟಿನಲ್ಲಿ ಅನ್ನ ಇರಬೇಕು ಅಂತ ಗೊತ್ತಿದ್ದ ಗುರುಗಳು ಅವರು.

ಶ್ರಾವಣದ ಪುರಾಣವೂ ಅವರ ಪರಂಪರೆಯಿಂದ ಬಂದ ದುಡಿಮೆ. ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮಠವಿರುವ ಊರಲ್ಲೆಲ್ಲ ಶ್ರಾವಣ ಪೂರ್ತಿ ಸಂಜೆ ಪುರಾಣ ಪ್ರವಚನ ನಡೆಯುತ್ತದೆ. ಶಾಸ್ತ್ರಿಗಳು ಹೇಳುತ್ತಾರೆ, ನಡುನಡುವೆ ಗವಾಯಿಗಳು ವಚನ, ತತ್ವಪದ ಹಾಡುತ್ತಾರೆ, ತಬಲಾ ಒಬ್ಬರು. ಆಷಾಢದಲ್ಲಿ ಕೈ ಬರಿದಾಗಿರುವ ಹೊತ್ತಿಗೆ ಸರಿಯಾಗಿ ಬರುವ ಕೆಲಸ. ಮಠದಲ್ಲಿ ವಸತಿ, ಪ್ರಸಾದ, ಮಹಾಮಂಗಲದ ದಿನ ಶಾಲು, ಹಾರ, ಲಕೋಟೆ. ದಿನಾ ಸಂಜೆ ಅದೇ ಜನ ಬಂದು ಕೂಡುವುದರಿಂದ ನಿನ್ನೆ ಹಾಡಿದ ರಾಗ ಇವತ್ತು ಹಾಡುವಂತಿಲ್ಲ. ನನ್ನ ಕೈಗೆ ಹೆಚ್ಚು ರಾಗ ಹತ್ತಿದ್ದು ಕ್ಲಾಸಿನಲ್ಲಿ ಅಲ್ಲ, ಪುರಾಣದಲ್ಲಿ. ಒಂದು ಮಠದ ಅಜ್ಜಾರು ಮೊದಲ ದಿನವೇ ಒಳಗೆ ಕರೆದು, "ತಮ್ಮಾ, ನಿನಗ ಇಷ್ಟು, ತಬಲಾದವಗ ಇಷ್ಟು, ಗಾಡಿ ಖರ್ಚು ಬ್ಯಾರೆ. ಸಾಲದಿದ್ರ ಈಗ ಹೇಳು" ಅಂದರು. ಆ ತಿಂಗಳು ನಾನು ಬಾರಿಸಿದ ಹಾಗೆ ಎಂದೂ ಬಾರಿಸಿಲ್ಲ. ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿರಲಿಲ್ಲ.

ಕ್ಲಾಸಿನ ವಿಷಯಕ್ಕೆ ಬಂದರೆ, ಅದನ್ನು ಕಡೆಗಣಿಸುವವರನ್ನು ಕಂಡರೆ ನನಗೆ ಬೇಸರ. "ಪ್ರೋಗ್ರಾಂ ಇಲ್ಲ, ಕ್ಲಾಸ್ ತಕ್ಕೊಂಡು ಕುಂತಾನ" ಅನ್ನುತ್ತಾರೆ. ಬೆಳಗಾವಿಯ ರಾಮಭಾವು ವಿಜಾಪುರೆ ಅವರಿಗಿಂತ ದೊಡ್ಡ ಪೇಟಿಯ ಹೆಸರು ನಮ್ಮ ಕಡೆ ಯಾವುದಿದೆ? 1917ರಲ್ಲಿ ಕಾಗವಾಡದಲ್ಲಿ ಹುಟ್ಟಿದವರು. ಕುಮಾರ ಗಂಧರ್ವ, ಭೀಮಸೇನ ಜೋಶಿಯವರಂಥ ಗಾಯಕರಿಗೆ ಸಾಥ್ ಕೊಟ್ಟವರು. ಬೆಳಗಾವಿಯಲ್ಲಿ ಸಂಗೀತ ವಿದ್ಯಾಲಯ ನಡೆಸುತ್ತ, 2010ರಲ್ಲಿ ತೀರಿಕೊಳ್ಳುವವರೆಗೆ ತಲೆಮಾರುಗಟ್ಟಲೆ ಶಿಷ್ಯರನ್ನು ತಯಾರು ಮಾಡಿದರು. ಅಂಥವರ ಮನೆತನವನ್ನೂ ಹಿಡಿದು ನಿಲ್ಲಿಸಿದ್ದು ಕಲಿಸುವ ಕೆಲಸ. ನನ್ನ ಕ್ಲಾಸಿನಲ್ಲಿ ಮಗುವಿಗೆ ತಿಂಗಳಿಗೆ 500 ರೂಪಾಯಿ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಬರುತ್ತವೆ, ಪ್ರಾರಂಭಿಕದಿಂದ ವಿಶಾರದದವರೆಗೆ. ಪರೀಕ್ಷೆ ಇರುವುದರಿಂದ ಪಾಲಕರಿಗೆ ಒಂದು ನಂಬಿಕೆ, ನನಗೆ ಮಳೆಗಾಲದಲ್ಲೂ ಕೈಗೆ ಬರುವ ದುಡ್ಡು. ಸಾಲೆಯ ಪರೀಕ್ಷೆ ಹತ್ತಿರ ಬಂದಾಗ ಅರ್ಧ ಮಕ್ಕಳು ಬಿಡುತ್ತಾರೆ ಅನ್ನುವುದನ್ನು ಲೆಕ್ಕದಲ್ಲಿ ಇಟ್ಟುಕೊಂಡಿರಬೇಕು.

ಆಕಾಶವಾಣಿಯವರು ಪರೀಕ್ಷೆ ಮಾಡಿ ಕೊಡುವ ಗ್ರೇಡು ಇದ್ದರೆ ಒಳ್ಳೆಯದು. ಅದರಿಂದ ಬರುವ ಹಣಕ್ಕಿಂತ, ಹೆಸರಿನ ಮುಂದೆ 'ಆಕಾಶವಾಣಿ ಕಲಾವಿದರು' ಅಂತ ಬೀಳುವುದರ ಬೆಲೆ ದೊಡ್ಡದು, ಕರೆಯುವವರು ಅದನ್ನು ನೋಡುತ್ತಾರೆ. ಆದರೆ ಪೇಟಿಯವರಿಗೆ ಆ ಬಾಗಿಲು ಬಹಳ ಕಾಲ ಮುಚ್ಚಿತ್ತು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಶ್ರುತಿಗಳು ನಮ್ಮವಲ್ಲ ಅಂತ ಹೇಳಿ 1940ರಿಂದ 1971ರವರೆಗೆ ರೇಡಿಯೋದಲ್ಲಿ ಹಾರ್ಮೋನಿಯಂ ನಿಷೇಧ ಮಾಡಿದ್ದರು. ಧಾರವಾಡ ನಿಲಯ ಶುರುವಾದದ್ದು 1950ರಲ್ಲಿ. ತಬಲಾ, ಸಾರಂಗಿ, ಪಿಟೀಲಿನವರಿಗೆ ರೇಡಿಯೋದಲ್ಲಿ ಖಾಯಂ ನೌಕರಿ ಸಿಗುತ್ತಿದ್ದ ಕಾಲವದು. ಆಗ ಪೇಟಿಯವರ ಒಂದು ಇಡೀ ತಲೆಮಾರು ಆ ಬಾಗಿಲ ಹೊರಗೆ ನಿಂತಿತ್ತು. ವಾದ್ಯದ ಗುಣದೋಷದ ಚರ್ಚೆ ಪಂಡಿತರು ಮಾಡಲಿ. ಅದರಿಂದ ಯಾರ ಮನೆಯ ಪಗಾರ ಹೋಯಿತು ಅನ್ನುವುದನ್ನೂ ಚರಿತ್ರೆ ಬರೆಯುವವರು ಬರೆಯಬೇಕು ಅಂತ ನನ್ನ ಆಸೆ.

ಸರಕಾರಿ ಉತ್ಸವಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊತ್ತ ಚೆನ್ನಾಗಿರುತ್ತದೆ, ಖಾತೆಗೇ ಬರುತ್ತದೆ, ಬರುವ ದಿನ ಮಾತ್ರ ಗೊತ್ತಿರುವುದಿಲ್ಲ. ಒಂದು ಉತ್ಸವದ ದುಡ್ಡು ಮುಂದಿನ ವರ್ಷದ ಉತ್ಸವ ಹತ್ತಿರ ಬಂದಾಗ ಬಂತು. ವಿಜಯಪುರದ ಎರಡನೇ ಇಬ್ರಾಹಿಂ ಆದಿಲಶಾಹ ಸ್ವತಃ ಹಾಡು ಕಟ್ಟುತ್ತಿದ್ದ ಅರಸ, ತೊರವಿಯ ಹತ್ತಿರ 1599ರಲ್ಲಿ ನವರಸಪುರ ಅಂತ ಸಂಗೀತಕ್ಕಾಗಿಯೇ ಊರು ಕಟ್ಟಿಸಲು ಹೊರಟಿದ್ದ. ಅಲ್ಲಿಯ ಸಂಗೀತ ಮಹಲಿನ ಕಮಾನಿನ ಕೆಳಗೆ ನಿಂತಾಗಲೆಲ್ಲ, ಆ ಆಸ್ಥಾನದ ವಾದ್ಯದವರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಮುಟ್ಟುತ್ತಿತ್ತೋ ಏನೋ ಅಂತ ನನಗೆ ಮೊದಲು ಆ ಯೋಚನೆಯೇ ಬರುತ್ತದೆ. ಕೊರೋನಾದ ಎರಡು ಬೇಸಿಗೆ ಜಾತ್ರೆಗಳೇ ಇರಲಿಲ್ಲ. 2021ರಲ್ಲಿ ಸರಕಾರ ಕಲಾವಿದರಿಗೆ 3,000 ರೂಪಾಯಿ ಪರಿಹಾರ ಘೋಷಿಸಿತು. ನನ್ನ ಜೊತೆಯ ತಬಲಾದವರು ಆ ವರ್ಷ ಟಂಟಂ (ಬಾಡಿಗೆ ಆಟೋ) ಹೊಡೆದರು. ಸ್ಟೇರಿಂಗ್ ಹಿಡಿದು ಬೆರಳು ಬಿರುಸಾದವು ಅಂತ ರಾತ್ರಿ ಕೂತು ತಬಲಾದ ಕಾಯದಾ ಪಾಠ ಬಾರಿಸುತ್ತಿದ್ದರು. ಈಗ ಮತ್ತೆ ಪೂರ್ತಿ ತಬಲಾಕ್ಕೆ ಬಂದಿದ್ದಾರೆ, ಟಂಟಂ ಮಾರಿಲ್ಲ.

ಹುಡುಗರಿಗೆ ನಾನು ಒತ್ತಿ ಹೇಳುವುದು ದುರಸ್ತಿ ಕೆಲಸ. ಮಳೆಗಾಲದಲ್ಲಿ ಮಠ, ಸಾಲೆ, ಭಜನಾ ಮಂಡಳಿಗಳ ಪೇಟಿಗಳೆಲ್ಲ ಒಟ್ಟಿಗೆ ಕೆಡುತ್ತವೆ. ಕಟ್ಟಿಗೆ ಉಬ್ಬಿ ಪಟ್ಟಿ ಸಿಕ್ಕಿಕೊಳ್ಳುತ್ತದೆ, ಇಲಿ ಗಾಳಿ ತುಂಬುವ ಭಾತೆಯ ಚರ್ಮ ಕಡಿಯುತ್ತದೆ, ಸ್ವರದ ಹಿತ್ತಾಳೆ ನಾಲಿಗೆಗೆ ಧೂಳು ಕೂತು ದನಿ ಕಟ್ಟುತ್ತದೆ. ಇಳಿದ ಸ್ವರ ಏರಿಸಬೇಕಾದರೆ ನಾಲಿಗೆಯ ತುದಿ ಹದವಾಗಿ ಕೆರೆಯಬೇಕು, ಏರಿದ್ದು ಇಳಿಸಬೇಕಾದರೆ ಬುಡದಲ್ಲಿ. ಒಂದು ಕೂದಲೆಳೆ ಹೆಚ್ಚಾದರೂ ಹೊಸ ಸ್ವರ ಹಾಕಬೇಕಾಗುತ್ತದೆ. ಮೊದಲೆಲ್ಲ ಇದಕ್ಕೆ ಮಿರಜಿಗೇ ಹೋಗಬೇಕಿತ್ತು, ತಂಬೂರಿ ಕಟ್ಟುವವರ ಓಣಿಯಲ್ಲಿ ಕೂತು ನೋಡಿ ನೋಡಿ ನಾನು ಕಲಿತೆ. ಒಳ್ಳೆಯ ಪೇಟಿ ಕೊಳ್ಳಬೇಕಾದರೆ ಹತ್ತಾರು ಸಾವಿರ ಬೇಕು, ಆದ್ದರಿಂದ ಹಳೆಯದನ್ನು ಉಳಿಸಿಕೊಡುವವನನ್ನು ಜನ ಹುಡುಕಿಕೊಂಡು ಬರುತ್ತಾರೆ, ಮತ್ತು ಈ ಕೆಲಸಕ್ಕೆ ಯಾರೂ "ಸೇವಾ ಅಂತ ಮಾಡ್ರಿ" ಅನ್ನುವುದಿಲ್ಲ.

ಸ್ಟುಡಿಯೋ ಕಡೆ ಹೋಗುವ ಹುಡುಗರು ಇನ್ನೊಂದು ತಿಳಿದಿರಬೇಕು. ಈಗ ನಮ್ಮ ಕಡೆಯ ಜಾನಪದ ಹಾಡುಗಳು ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಓಡುತ್ತವೆ, ಟ್ರ್ಯಾಕ್ಟರಿನ ಟೇಪಿನಲ್ಲಿ, ಡಿಜೆಯಲ್ಲಿ ಅವೇ. ಹಾಡಿದವನಿಗೆ ಜಾತ್ರೆಯ ಕರೆ ಬರುತ್ತದೆ. ರಾಗ ಹಾಕಿದವನಿಗೆ, ಬಾರಿಸಿದವನಿಗೆ ಆ ದಿನದ ಕೂಲಿ ಅಷ್ಟೇ, ಹೆಸರು ಕೆಳಗೆ ಬರೆದರೆ ಪುಣ್ಯ. 2012ರ ತಿದ್ದುಪಡಿಯ ಮೇಲೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ, ಬಾರಿಸಿದವರಿಗೂ ಮುಂದಿನ ಗಳಿಕೆಯಲ್ಲಿ ಪಾಲಿದೆ. ಕಾಗದ ಇಲ್ಲದಿದ್ದರೆ ಆ ಪಾಲು ಕೇಳುವುದು ಕಷ್ಟ.

ಕಾಗದ ಅಂದರೆ ವಕೀಲರ ಕಾಗದ ಬೇಡ. ನಾಟಕಕ್ಕೆ ನಾನು ಒಂದು ಹಾಳೆಯ ಚೀಟಿ ಬರೆಯುತ್ತೇನೆ. ತಾಲೀಮು ಎಷ್ಟು ದಿನ, ಊಟ ವಸತಿ ಯಾರದು, ಮೈಕು ಯಾರದು. ಒಟ್ಟು 30,000. ಮೂರನೇ ಒಂದು ಪಾಲು ತಾಲೀಮು ಶುರುವಾದ ದಿನ, ಇನ್ನೊಂದು ಪಾಲು ಅರ್ಧ ತಾಲೀಮಿಗೆ, ಉಳಿದದ್ದು ನಾಂದಿ ಹಾಡುವ ಮೊದಲು. ಮಳೆ ಬಂದೋ ಊರಲ್ಲಿ ಸಾವಾಗಿಯೋ ನಾಟಕ ನಿಂತರೆ ತಾಲೀಮಿನ ಪಾಲು ನನ್ನದು. ಮೊದಲ ಸಲ ಈ ಚೀಟಿ ಮುಂದಿಟ್ಟಾಗ ಒಬ್ಬ ಹಿರಿಯರು, "ಮಾಸ್ತರ, ನಮ್ಮ ಮ್ಯಾಲ ನಂಬಿಗಿ ಇಲ್ಲೇನ್ರಿ?" ಅಂದರು. "ನಂಬಿಗಿ ಇದ್ದದ್ದಕ್ಕ ಬರದೇನ್ರಿ ಕಾಕಾ, ನಾಳಿಗೆ ನಮ್ಮ ನಿಮ್ಮ ನಡುವ ಮಾತು ಬರಬಾರದು" ಅಂದೆ. ಅವರು ಚಾಳೀಸು ಹಾಕಿಕೊಂಡು ಓದಿ, ಸಹಿ ಮಾಡಿ, ಊರಿನ ನಕಲು ಪ್ರತಿ ಗುಡಿಯ ಕಪಾಟಿನಲ್ಲಿ ಇಟ್ಟರು. ಮರುವರ್ಷ ಆ ಊರಿಂದ ಫೋನು ಬಂದಾಗ ಮೊದಲ ಮಾತೇ "ಚೀಟಿ ಕಳಸ್ರಿ ಮಾಸ್ತರ".

ಐಟಿಐ ಬೇಡ ಅಂದ ಹುಡುಗನ ವಿಷಯ. ಅವನ ತಂದೆಗೆ ನಾನು ಹೇಳಿದ್ದು, ಐಟಿಐನೂ ಮಾಡಲಿ, ಸಂಜೆ ನನ್ನ ಹತ್ತಿರ ಬರಲಿ, ಎರಡು ಹಂಗಾಮು ನನ್ನ ಜೊತೆ ತಾಲೀಮಿಗೆ ತಿರುಗಲಿ, ಆಮೇಲೆ ಅವನೇ ಹೇಳುತ್ತಾನೆ. ಅವರು ಒಪ್ಪಿದರು. ಈ ಸಲ ಲೋಕಾಪುರ ಕಡೆಯ ಒಂದು ಹಳ್ಳಿಯ ನಾಟಕ ಗೊತ್ತಾಗಿದೆ. ಹುಡುಗ ನನ್ನ ಬದಲಿಗೆ ಮೊದಲ ವಾರದ ಹಾಡು ಕಲಿಸುತ್ತಾನೆ. ಚೀಟಿಯಲ್ಲಿ ತಬಲಾದವರ ಸಾಲಿನ ಕೆಳಗೆ ಅವನ ಹೆಸರು, ಅವನ ಮೊತ್ತ ಬೇರೆಯಾಗಿ ಬರೆದಿದ್ದೇನೆ, ಅದು ಅವನ ಕೈಗೇ ಸಲ್ಲಬೇಕು ಅಂತಲೂ ಬರೆದಿದ್ದೇನೆ.